ಬಸ್ಸಲ್ಲಿ ಸ್ಪೀಕರ್ ಆನ್ ಮಾಡ್ಕೊಂಡು ಕೂತೋರಿಗೆ ಹೇಳೋದ್ಯಾರು?

ಕಿಟಕಿ_ಸೀಟು

2021ರ ನವೆಂಬರಲ್ಲೇ ನಮ್ಮ ಹೈಕೋರ್ಟ್ ಹೇಳಿ ಆಗಿದೆ, ಬಸ್ಸೊಳಗೆ ಮೊಬೈಲ್ ಸ್ಪೀಕರಲ್ಲಿ ಹಾಡು ವಿಡಿಯೋ ಹಾಕೋ ಹಾಗಿಲ್ಲ, ಮೊದ್ಲು ಸಿಬ್ಬಂದಿ ಹೇಳ್ಬೇಕು, ಕೇಳ್ಲಿಲ್ಲ ಅಂದ್ರೆ ಇಳಿಸಬಹುದು, ಇಳಿಯೋ ತನಕ ಬಸ್ ನಿಲ್ಸಿಕೊಂಡೂ ಇರಬಹುದು ಅಂತ. ಕೆಎಸ್ಸಾರ್ಟಿಸಿ ಸುತ್ತೋಲೆನೂ ಹೊರಡಿಸ್ತು. ಆಮೇಲೆ? ಒಬ್ಬರನ್ನಾದ್ರೂ ಇಳ್ಸಿದ್ದು ಯಾರಾದ್ರೂ ಕಣ್ಣಾರೆ ನೋಡಿದೀರಾ ಹೇಳಿ. ನಾನು ನೋಡಿಲ್ಲ.

ರೂಲ್ ಇದ್ಯಾ ಇಲ್ವಾ ಅಂತ ಕೇಳ್ತಿಲ್ಲ, ಇದೆ. ಹೇಳೋರ್ಯಾರು ಅಂತ ಕೇಳ್ತಿದೀನಿ. ಕಂಡಕ್ಟ್ರು ಮುಂದೆ ಇರ್ತಾರೆ, ಸೌಂಡು ಹಿಂದೆ ಇರುತ್ತೆ. ಪಕ್ಕದೋರು ಕೇಳಿಸ್ಲೇ ಇಲ್ಲ ಅನ್ನೋ ತರ ಕಿಟಕಿ ಕಡೆ ತಿರುಗ್ತಾರೆ. ನಾವು ಬಾಯ್ಬಿಟ್ರೆ "ಬಸ್ಸೇನು ನಿಮ್ಮಪ್ಪಂದಾ" ಅನ್ನೋದು ರೆಡಿ ಇರುತ್ತೆ. ಮುಂದಿನ ಸೀಟಿನ ಕಂಬಿಗೆ ಫೋನ್ ಒರಗಿಸಿಟ್ಕೊಂಡು ರೀಲ್ಸ್ ತಳ್ತಾ ಇರ್ತಾರಲ್ಲ, ಒಂದೊಂದೂ ಮೂರ್ ಮೂರ್ ಸೆಕೆಂಡು, ಅದೇ ನಗು ಅದೇ ನಗು ಅದೇ ನಗು, ಪೂರ್ತಿ ಹಾಡಾದ್ರೂ ಕೇಳಿಸ್ಲಿ ಅಂತ ದೇವರಲ್ಲಿ ಬೇಡ್ಕೊಳೋ ಹಾಗಾಗುತ್ತೆ. ನೀವೆಲ್ಲ ಏನ್ ಮಾಡ್ತೀರಾ?

ಮೆಜೆಸ್ಟಿಕ್_ಮಂಜ

ನಾನು ನಿಲ್ಸಿ ಅಂತ ಯಾವತ್ತೂ ಹೇಳಲ್ಲ ಗುರು. ಫೋನ್ ಕಿವಿಗೆ ಇಟ್ಕೊಂಡು "ಅಣ್ಣಾ ಒಂದ್ ಅರ್ಜೆಂಟ್ ಕಾಲು, ಒಂದ್ ನಿಮಿಷ ಕಮ್ಮಿ ಮಾಡ್ತೀರಾ" ಅಂತೀನಿ. ಕಾಲ್ ಗೀಲ್ ಏನೂ ಇರಲ್ಲ. ಕಾಲ್‌ಗೆ ಎಲ್ರೂ ಮರ್ಯಾದೆ ಕೊಡ್ತಾರೆ, ಪಕ್ಕದಲ್ಲಿರೋ ಮನುಷ್ಯಂಗೆ ಕೊಡಲ್ಲ. ಅರ್ಧ ಜನ ಕಮ್ಮಿ ಮಾಡಿದ್ಮೇಲೆ ಜಾಸ್ತಿ ಮಾಡೋದೇ ಮರೀತಾರೆ.

ಗಾಳಿ_ಗಂಟೆ

ಹಹ ಸೂಪರ್ ಇದು. ನಾಳೆಯಿಂದ ನಾನೂ ಶುರು

ಮ್ಯಾನರ್ಸ್_ಎಲ್ಲಿ

ಮುಚ್ಚುಮರೆ ಯಾಕೆ, ನೇರವಾಗಿ ಹೇಳ್ತೀನಿ. 2023 ಜೂನಲ್ಲಿ ಶಕ್ತಿ ಯೋಜನೆ ಅಂತ ಹೆಣ್ಮಕ್ಕಳಿಗೆ ಫ್ರೀ ಮಾಡಿದ್ಮೇಲೆ ಬಸ್ಸು ಸಂತೆ ಆಗಿದೆ. ಕಾಸು ಕೊಟ್ಟು ಹತ್ತೋನಿಗೆ ನಿಲ್ಲೋಕೂ ಜಾಗ ಇಲ್ಲ, ಮೇಲೆ ಇವರ ಧಾರಾವಾಹಿ ಸೌಂಡು ಬೇರೆ. ಫ್ರೀ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ. ದುಡ್ಡು ಕೊಟ್ಟು ಹೋಗೋ ಕಡೆ ಈ ಗಲಾಟೆ ಇದ್ಯಾ ಹೇಳಿ?

ಸಂಜೆ_ಶಿಫ್ಟ್

ಇದೆ ಸರ್, ದುಡ್ಡು ಕೊಟ್ಟು ಹೋಗೋ ಕಡೆನೂ ಇದೆ. ಎಸಿ ಸ್ಲೀಪರಲ್ಲಿ ರಾತ್ರಿ ಹನ್ನೊಂದೂವರೆಗೆ ಲೌಡ್‌ಸ್ಪೀಕರ್ ಹಾಕ್ಕೊಂಡು "ಹಾಂ ಹೇಳಿ, ಆ ಸೈಟ್ ರಿಜಿಸ್ಟ್ರೇಷನ್ ಏನಾಯ್ತು" ಅಂತ ಮಾತಾಡೋರು ಶಕ್ತಿ ಟಿಕೆಟ್ಟಿನೋರಲ್ಲ. ಅಲ್ಲಿ ಒಂದು ಬರ್ತಿಗೂ ಇನ್ನೊಂದಕ್ಕೂ ನಡುವೆ ಇರೋದು ಒಂದು ಬೆರಳು ದಪ್ಪದ ಹಲಗೆ, ಅವರ ಮೀಟಿಂಗಿಗೆ ನಾನೂ ಅಟೆಂಡ್ ಆದ ಹಾಗೇ ಲೆಕ್ಕ. ಸೈಟು ಎಲ್ಲಿದೆ, ಎಷ್ಟಕ್ಕೆ ಆಗಿದೆ, ಯಾರು ತಗಾದೆ ತೆಗ್ದಿದಾರೆ ಎಲ್ಲ ನಂಗೊತ್ತು. ಇಡೀ ಬಸ್ಸಲ್ಲಿ ಒಬ್ರಾದ್ರೂ "ಸಾರ್ ಸ್ವಲ್ಪ" ಅಂದ್ರಾ? ಊಹೂಂ. ಯಾಕಂದ್ರೆ ಅವರು ಇಸ್ತ್ರಿ ಶರ್ಟು.

ಅದೇ ಬೊಮ್ಮನಹಳ್ಳಿ ಕಡೆ ಸಾಯಂಕಾಲದ ಬಸ್ಸಲ್ಲಿ ಗಾರ್ಮೆಂಟ್ಸ್ ಬಿಟ್ಟು ಬರೋ ಹೆಣ್ಮಕ್ಕಳು ಮೂರು ಜನ ಒಂದು ಫೋನಲ್ಲಿ ಹಾಡು ಹಾಕ್ಕೊಂಡ್ರೆ ಎಲ್ಲರಿಗೂ ಹೈಕೋರ್ಟ್ ನೆನಪಾಗುತ್ತೆ. ಇಡೀ ದಿನ ಮಷೀನ್ ಸದ್ದಲ್ಲಿ ಕೂತು ಬಂದಿರ್ತಾರೆ. ಹಾಗಂತ ಅವರು ಹಾಕೋದು ಸರಿ ಅಂತಲ್ಲ, ನನಗೂ ತಲೆನೋವು ಬರುತ್ತೆ. ಆದ್ರೆ ನೀವು ಯಾರಿಗೆ ಹೇಳ್ತೀರಾ, ಯಾರಿಗೆ ಹೇಳಲ್ಲ ಅಂತ ಒಂದ್ಸಲ ಗಮನಿಸಿ ನೋಡಿ. ತಿರುಗಿ ಮಾತಾಡದೇ ಇರೋರಿಗೆ ಮಾತ್ರ ಹೇಳ್ತೀವಿ ಎಲ್ರೂ.

ಮ್ಯಾನರ್ಸ್_ಎಲ್ಲಿ

ನಾನು ಯಾರನ್ನೂ ಕೀಳಾಗಿ ಹೇಳಿಲ್ಲ, ರಶ್ ಆಗಿರೋದು ಸತ್ಯ ತಾನೆ

ಸಂಜೆ_ಶಿಫ್ಟ್

ರಶ್ ಸತ್ಯ. ಬಸ್ ಕಮ್ಮಿ ಇರೋದೂ ಸತ್ಯ. ಹಾಡಿಗೂ ಅದಕ್ಕೂ ಏನ್ ಸಂಬಂಧ ಅಂತ ಅಷ್ಟೇ ನನ್ನ ಪ್ರಶ್ನೆ

ಲಚ್ಚಿ_ಲಂಡನ್

ಇದನ್ನ ಓದಿ ನಗು ಬಂತು, ಯಾಕಂದ್ರೆ ಇಲ್ಲೂ ಇದೇ ಮಾತು ಹಳೇ ಕಾಲದಿಂದ ಇದೆ. 2005ರಲ್ಲಿ ಲಂಡನ್ ಬಸ್ಸಲ್ಲಿ 16 ವರ್ಷದ ಒಳಗಿನ ಮಕ್ಕಳಿಗೆ ಫ್ರೀ ಮಾಡಿದ್ರು. ಆಮೇಲೆ ಡಬಲ್ ಡೆಕರ್ ಮೇಲ್ಗಡೆ ಹಿಂದಿನ ಸೀಟಲ್ಲಿ ಹುಡುಗ್ರು ಫೋನಲ್ಲಿ ಹಾಡು ಹಾಕಿದ್ರೆ ಸಾಕು, "ಫ್ರೀ ಕೊಟ್ಟಿದ್ದಕ್ಕೇ ಹೀಗೆ" ಅಂತ ದೊಡ್ಡೋರೆಲ್ಲ ಗೊಣಗಾಟ. ಈಗ ಆ ಹುಡುಗ್ರು ದೊಡ್ಡೋರಾಗಿ ದುಡ್ಡು ಕೊಟ್ಟು ಓಡಾಡ್ತಿದಾರೆ, ಸೌಂಡ್ ಮಾತ್ರ ಹಾಗೇ ಇದೆ, ಈಗ ಸೂಟು ಹಾಕಿರೋರೇ ವಿಡಿಯೋ ಕಾಲ್ ಸ್ಪೀಕರಲ್ಲಿ ಮಾಡ್ತಾರೆ.

2025 ಏಪ್ರಿಲಲ್ಲಿ ಇಲ್ಲಿನ ಲಿಬರಲ್ ಡೆಮಾಕ್ರಾಟ್ ಪಾರ್ಟಿಯೋರು ಇಯರ್‌ಫೋನ್ ಇಲ್ದೆ ಹಾಡು ಹಾಕೋರಿಗೆ ಸಾವಿರ ಪೌಂಡ್ ತನಕ ದಂಡ ಹಾಕ್ಬೇಕು ಅಂತ ಕೇಳಿದ್ರು, ದೊಡ್ಡ ಸುದ್ದಿ ಆಯ್ತು. ತಮಾಷೆ ಏನಂದ್ರೆ ಲಂಡನ್ ಸಾರಿಗೆಯ ಬೈಲಾದಲ್ಲಿ ಸಾವಿರ ಪೌಂಡ್ ತನಕ ದಂಡ ಮೊದಲೇ ಇತ್ತು! ಆಮೇಲೆ ಆಗಸ್ಟಲ್ಲಿ ಎಲಿಜಬೆತ್ ಲೈನ್ ಅನ್ನೋ ಇಲ್ಲಿನ ಟ್ರೈನಲ್ಲಿ "ದಯವಿಟ್ಟು ಇಯರ್‌ಫೋನ್ ಬಳಸಿ" ಅನ್ನೋ ಅರ್ಥದ ಪೋಸ್ಟರ್ ಅಂಟಿಸೋಕೆ ಶುರು ಮಾಡಿದ್ರು. ಸಾವಿರ ಪೌಂಡ್ ದಂಡ ಇಟ್ಕೊಂಡು ಪೋಸ್ಟರ್ ಅಂಟಿಸ್ತಾರೆ ಅಂದ್ಮೇಲೆ ನಿಮಗೇ ಅರ್ಥ ಆಗ್ಬೇಕು ದಂಡ ಹಾಕೋಕೆ ಯಾರಿಗೂ ಧೈರ್ಯ ಇಲ್ಲ ಅಂತ. ಇಲ್ಲಿ ಜನ ಬಾಯ್ಬಿಟ್ಟು ಹೇಳೋದೂ ಇಲ್ಲ, ನಿಟ್ಟುಸಿರು ಬಿಡ್ತಾರೆ, ಅದೂ ಪಕ್ಕದೋನಿಗೆ ಕೇಳಿಸದ ಹಾಗೆ.

ರೈಟ್_ಪೋಯಿ

ನೀವು ಪ್ಯಾಸೆಂಜರ್ ಫೋನಿನ ಬಗ್ಗೆ ಮಾತಾಡ್ತಿದ್ದೀರಿ ಮಾರ್ರೆ, ನಮ್ಮ ಮಂಗಳೂರು ಉಡುಪಿ ಕಡೆ ಬನ್ನಿ, ಇಲ್ಲಿ ಬಸ್ಸಿಗೇ ಸೌಂಡ್ ಸಿಸ್ಟಮ್ ಉಂಟು. ಪ್ರೈವೇಟ್ ಬಸ್ಸು ಅಂದ ಮೇಲೆ ಹಾಡು ಇರಬೇಕು. ಕೆಲವು ಬಸ್ಸಿಗೆ ಫ್ಯಾನ್ಸ್ ಉಂಟು ಗೊತ್ತುಂಟಾ, ಕಾಲೇಜು ಮಕ್ಕಳು ಎದುರು ಬಂದ ಬಸ್ ಬಿಟ್ಟು ಹಾಡು ಒಳ್ಳೇದಿರುವ ಬಸ್ಸಿಗೆ ಕಾಯ್ತಾರೆ. ಡ್ರೈವರಿಗೆ ನಿದ್ದೆ ಬಾರದ ಹಾಗೆ ಅಂತ ಒಂದು ಕಾರಣ ಹೇಳ್ತಾರೆ, ಗಿರಾಕಿ ಬರ್ತಾರೆ ಅಂತ ಇನ್ನೊಂದು.

ಆದರೆ ಒಂದು ವಿಷಯ. ಆ ಹಾಡಿಗೆ ಜಗಳ ಆಗುವುದು ಕಡಿಮೆ. ಜೋರಾದರೆ ಯಾರಾದರೂ ಅಜ್ಜಿ ಹಿಂದಿನಿಂದ "ಅದೊಂದು ಸ್ವಲ್ಪ ಸಣ್ಣ ಮಾಡು ಮಗಾ" ಅಂತ ಬೊಬ್ಬೆ ಹಾಕ್ತಾರೆ, ಕಂಡಕ್ಟರ್ ಸಣ್ಣ ಮಾಡ್ತಾನೆ, ಮುಗೀತು. ಹೇಳ್ಬೇಕಾದವ ಒಬ್ಬನೇ, ಅವ ಯಾರು ಅಂತ ಎಲ್ಲರಿಗೂ ಗೊತ್ತು. ಹಿಂದೆ ನೈಟ್ ಬಸ್ಸಿನಲ್ಲಿ ವಿಡಿಯೋ ಕೋಚ್ ಇತ್ತಲ್ಲ, ಮುಂದೆ ಒಂದು ಟಿವಿ, ಒಂದು ಪಿಕ್ಚರ್, ನಿದ್ದೆ ಹಾಳು ಆದರೂ ಎಲ್ಲರದ್ದೂ ಒಟ್ಟಿಗೆ ಹಾಳು. ಈಗ ನಲವತ್ತು ಜನಕ್ಕೆ ನಲವತ್ತು ಪಿಕ್ಚರ್. ಯಾರಿಗೆ ಅಂತ ಹೇಳುದು?

ಕಿಟಕಿ_ಸೀಟು

ಇದು ಪಾಯಿಂಟು. ನಾನು ಹೀಗೆ ಯೋಚ್ನೆನೇ ಮಾಡಿರ್ಲಿಲ್ಲ

ಟ್ರೆಬಲ್_ತಿಮ್ಮ

ಸೌಂಡ್ ಕೆಲಸ ಮಾಡೋನು ನಾನು, ಸ್ವಲ್ಪ ಟೆಕ್ನಿಕಲ್ ಹೇಳ್ತೀನಿ. ಬಸ್ಸಿನ ದೊಡ್ಡ ಸ್ಪೀಕರಿಗಿಂತ ಚಿಕ್ಕ ಫೋನು ಯಾಕೆ ಹೆಚ್ಚು ಹಿಂಸೆ ಅಂದ್ರೆ ಫೋನ್ ಸ್ಪೀಕರ್ ಉಗುರಷ್ಟಿರುತ್ತೆ, ಅದರಿಂದ ಬೇಸ್ ಬರೋದೇ ಇಲ್ಲ, ಬರೀ ಮೇಲಿನ ಸ್ವರ, ಕೀಚಲು. ನಮ್ಮ ಕಿವಿ ಅತಿ ಚುರುಕಾಗಿರೋದು ಸುಮಾರು 2000ದಿಂದ 5000 ಹರ್ಟ್ಸ್ ಒಳಗೆ, ಮಗು ಅಳೋ ಸದ್ದು ಚುಚ್ಚೋದೂ ಅದೇ ಜಾಗದಲ್ಲಿ. ಫೋನು ಕರೆಕ್ಟಾಗಿ ಅಲ್ಲೇ ಕಿರುಚುತ್ತೆ. ಹಾಡಿನ ಸೊಗಸು ಹೋಗಿ ಚುಚ್ಚೋ ಭಾಗ ಮಾತ್ರ ನಮ್ಮ ಪಾಲಿಗೆ.

ಇನ್ನೊಂದು, ಹಳೇ ಕೆಂಪು ಬಸ್ಸಲ್ಲಿ ಇಂಜಿನ್ ಗಡಗಡ, ಕಿಟಕಿ ಗಾಜು ಗಲಗಲ, ಅದರಲ್ಲಿ ಫೋನ್ ಸೌಂಡು ಅರ್ಧ ಮುಳುಗಿ ಹೋಗ್ತಿತ್ತು. ಬಿಎಂಟಿಸಿ ಎಲೆಕ್ಟ್ರಿಕ್ ಬಸ್ ಹತ್ತಿ ನೋಡಿ, ಸಿಗ್ನಲಲ್ಲಿ ನಿಂತಾಗ ಪಿನ್ ಬಿದ್ರೂ ಕೇಳುತ್ತೆ. ಮೊದ್ಲೂ ಅಷ್ಟೇ ಜೋರಾಗಿ ಹಾಕ್ತಿದ್ದೋರ ಸದ್ದು ಈಗ ಡ್ರೈವರ್ ತನಕ ಹೋಗುತ್ತೆ. ಬಸ್ ಸೈಲೆಂಟ್ ಆಯ್ತು, ನಾವು ಆಗ್ಲಿಲ್ಲ.

ಮತ್ತೆ ಫೋನ್ ಕಾಲ್ ವಿಷಯ, 2010ರಲ್ಲಿ ಕಾರ್ನೆಲ್ ಯೂನಿವರ್ಸಿಟಿಯೋರು ಒಂದು ಸ್ಟಡಿ ಮಾಡಿದ್ರು, ಇಬ್ರು ಮಾತಾಡೋದು ಪೂರ್ತಿ ಕೇಳಿಸಿದ್ರೆ ನಮ್ಮ ಗಮನ ಅಷ್ಟು ಕೆಡಲ್ಲ, ಒಬ್ರ ಮಾತು ಮಾತ್ರ ಕೇಳಿಸಿದ್ರೆ ಕೆಡುತ್ತೆ ಅಂತ. ಆ ಕಡೆಯೋರು ಏನಂದ್ರು ಅಂತ ನಮ್ಮ ತಲೆ ತಾನಾಗೇ ತುಂಬೋಕೆ ಹೋಗುತ್ತೆ, ಬೇಡ ಅಂದ್ರೂ. ಹಂಗೆ ನೋಡಿದ್ರೆ ಸಂಜೆ_ಶಿಫ್ಟ್ ಅವರ ಸೈಟ್ ಸಾಹೇಬ್ರು ಸ್ಪೀಕರಲ್ಲಿ ಹಾಕಿ ಉಪಕಾರನೇ ಮಾಡಿದಾರೆ 😀

ಸಂಜೆ_ಶಿಫ್ಟ್

ಆ ಉಪಕಾರ ನಿಮಗೇ ಇರ್ಲಿ

ಗಿರ್ಮಿಟ್_ಗಿರಾಕಿ

ನೀವೆಲ್ಲಾ ಬೆಂಗ್ಳೂರ್ ಮಂದಿ ಏನ್ ಇಷ್ಟ್ ತಲಿ ಕೆಡಿಸ್ಕೊಂಡೀರ್ರೀ. ನಮ್ಮ ಕಡೆ ಟಂಟಂದಾಗ, ಅಂದ್ರ ಶೇರ್ ಆಟೋದಾಗ, ಬರ್ರಿ ಒಂದ್ಸಲ. ಒಳಗ ಹನ್ನೆಲ್ಡ್ ಮಂದಿ, ಹಿಂದ ಡಬ್ಬಿ ಸ್ಪೀಕರು, ಜಾನಪದ ಡಿಜೆ ಹಚ್ಚಿದಾ ಅಂದ್ರ ಎದಿ ಬಡಕೊಳ್ಳಾಕ ಶುರು ಆಕ್ಕೈತಿ. ಯಾರರ ಏನರ ಅಂತಾರೇನು? ಸೋಮವಾರ ಸಂತಿಗೆ ಹೊಂಟ ಮುದುಕನೂ ತಲಿ ಅಲ್ಲಾಡ್ಸ್ಕೋತ ಕುಂತಿರ್ತಾನ.

ಆದ್ರ ಒಂದ್ ಮಾತು ಖರೇ ಐತಿ. ಹಳ್ಳಿ ಬಸ್ಸಿನ್ಯಾಗ ಎಲ್ಲಾರೂ ಎಲ್ಲಾರಿಗೂ ಗೊತ್ತು. "ಲೇ ತಮ್ಮಾ, ನೀ ಅವ್ನ ಮಗ ಅಲ್ಲೇನ್, ಬಂದ್ ಮಾಡ ಅದನ್ನ" ಅಂದ್ರ ಬಂದ್ ಮಾಡ್ತಾನ. ಯಾಕಂದ್ರ ಮನಿಗಿ ಸುದ್ದಿ ಮುಟ್ಟತೈತಿ. ಬೆಂಗ್ಳೂರಾಗ ನೀ ಯಾರ್ ಮಗ ಅಂತ ಕೇಳಿದ್ರ ಬ್ಯಾರೇನ ಅರ್ಥ ಆಕ್ಕೈತಿ, ಹೊಡೆದಾಟಾನ ಚಾಲೂ.

ಗಾಳಿ_ಗಂಟೆ

😂😂 ಯಾರ್ ಮಗ

ಪಾಸ್_ಬೋಗಿ

ಟ್ರೈನ್ ವಿಷಯ ಯಾರೂ ಎತ್ತಿಲ್ಲ. ಮೈಸೂರು ಬೆಂಗಳೂರು ಓಡಾಡೋ ಪಾಸ್ ಹೋಲ್ಡರ್ ನಾನು. ನಮ್ಮಲ್ಲಿ ಫೋನ್ ಹಾಡು ಸಣ್ಣ ಸಮಸ್ಯೆ, ದೊಡ್ಡದು ಗುಂಪು. ಪಾಸಿನೋರು ಕರ್ಚೀಫ್ ಹಾಕಿ ಸೀಟು ಹಿಡಿಯೋದು, ನಡುವೆ ಸೂಟ್‌ಕೇಸ್ ಇಟ್ಕೊಂಡು ಇಸ್ಪೀಟು, ಶನಿವಾರ ಆದ್ರೆ ಭಜನೆ, ತಾಳ ಸಮೇತ. ಮುಂಬೈ ಲೋಕಲಲ್ಲಿ ಭಜನಾ ಮಂಡಳಿಗಳು ಬಹಳ ಹಳೇದು, ಕಂಪ್ಲೇಂಟು ಹೋಗಿ ರೈಲ್ವೆಯೋರು ಆಕ್ಷನ್ ತಗೊಂಡಿದ್ದೂ ಇದೆ.

ಈಗ ಭಜನೆಗೆ "ನಿಲ್ಸಿ" ಅನ್ನಿ ನೋಡೋಣ. ಸೌಂಡ್ ಬಗ್ಗೆ ಹೇಳಿದ್ದು ಅಂತ ಯಾರೂ ತಿಳ್ಕೊಳಲ್ಲ, ದೇವರಿಗೆ ಹೇಳ್ದ ಅಂತಾರೆ. ಅದೇ ಬೋಗಿಲಿ ಒಬ್ಬ ಹುಡುಗ ಮೊಬೈಲಲ್ಲಿ ಖವ್ವಾಲಿ ಹಾಕಿದಾಗ ಒಂದು ನಿಮಿಷದಲ್ಲಿ ನಾಲ್ಕು ಜನ "ಏಯ್ ಆಫ್ ಮಾಡು" ಅಂದ್ರು, ಆ ನಾಲ್ಕು ಜನರೂ ಹಿಂದಿನ ಶನಿವಾರ ತಾಳ ಹಿಡಿದೋರೇ. ಹುಡುಗ ಮಾತಾಡ್ದೆ ಆಫ್ ಮಾಡಿ ಬಾಗ್ಲ ಹತ್ರ ಹೋಗಿ ನಿಂತ್ಕೊಂಡ. ನಂಗೆ ಆವತ್ತು ಸೌಂಡಿಗಿಂತ ಅದೇ ಹೆಚ್ಚು ಕಿರಿಕಿರಿ ಆಯ್ತು.

ಮೆಜೆಸ್ಟಿಕ್_ಮಂಜ

ಅದೇ ರೀತಿ ಬೆಂಗ್ಳೂರಲ್ಲಿ ಭಾಷೆ. ಯಾರೋ ಹಿಂದಿ ಹಾಡು ಹಾಕಿದ್ರು ಅಂತ "ಕನ್ನಡ ಹಾಡು ಹಾಕು" ಅಂತ ಒಬ್ರು ಗಲಾಟೆ ತೆಗೆದ್ರು, ಅವನು ಹೆದ್ರಿ ನಿಜವಾಗ್ಲೂ ಕನ್ನಡ ಹಾಡು ಹಾಕ್ದ, ಅಷ್ಟೇ ಸೌಂಡಲ್ಲಿ. ಗೆದ್ದೋರು ಖುಷಿಯಾಗಿ ಕೂತ್ರು. ನಂಗೆ ಬೇಕಾಗಿದ್ದು ನಿದ್ದೆ, ಅದ್ಯಾವ ಭಾಷೆನಲ್ಲೂ ಸಿಗ್ಲಿಲ್ಲ.

ಕಾನೂನು_ಪುಟ

ರೈಲಿಗೆ ಸಂಬಂಧಿಸಿದ್ದು ಹೇಳ್ತೀನಿ. ರಾತ್ರಿ 10ರ ಮೇಲೆ ಜೋರಾಗಿ ಹಾಡು ಹಾಕಬಾರದು, ಜೋರಾಗಿ ಫೋನಲ್ಲಿ ಮಾತಾಡಬಾರದು ಅಂತ 2022 ಜನವರಿಲಿ ರೈಲ್ವೆ ಮಂಡಳಿ ಹೇಳಿದೆ, ಕಂಪ್ಲೇಂಟ್ ಬಂದ್ರೆ ಆ ಟ್ರೈನಿನ ಸಿಬ್ಬಂದಿನೇ ಜವಾಬ್ದಾರಿ. 139ಕ್ಕೆ ಫೋನ್ ಮಾಡಿ ಅಥವಾ ರೈಲ್ ಮದದ್ ಆಪಲ್ಲಿ ಹಾಕಿ. 1989ರ ರೈಲ್ವೆ ಕಾಯ್ದೆ ಸೆಕ್ಷನ್ 145ರಲ್ಲಿ ಉಪದ್ರವ ಅಂತನೇ ಇದೆ. ಮೆಟ್ರೋದಲ್ಲಿ 2002ರ ಕಾಯ್ದೆ ಸೆಕ್ಷನ್ 59, 500 ರೂಪಾಯಿ ತನಕ ದಂಡ. ಮುಂಬೈಯ ನಗರ ಸಾರಿಗೆ, ಅಂದ್ರೆ ಬೆಸ್ಟ್ (BEST) ಬಸ್ಸಲ್ಲಿ 2023 ಏಪ್ರಿಲಿಂದ ಇಯರ್‌ಫೋನ್ ಕಡ್ಡಾಯ. ನಮ್ಮ ಬಸ್ಸಿನದ್ದು ಮೇಲೆ ಹೇಳಿದಾರೆ. ಕಾನೂನಿಗೇನೂ ಬರ ಇಲ್ಲ.

ಮ್ಯಾನರ್ಸ್_ಎಲ್ಲಿ

ಮೆಟ್ರೋದಲ್ಲಿ ಸ್ವಲ್ಪ ಪರವಾಗಿಲ್ಲ ಅಲ್ವಾ? ಅಲ್ಲಿ ಭಯ ಇದೆ. ಅದೇ ಭಯ ಬಸ್ಸಲ್ಲೂ ಬರ್ಬೇಕು

ಕಾನೂನು_ಪುಟ

ಭಯ ಅಲ್ಲ, ಸಿಬ್ಬಂದಿ. ಮೆಟ್ರೋ ಸ್ಟೇಷನಲ್ಲಿ ಸೆಕ್ಯುರಿಟಿ ಇದೆ, ಕ್ಯಾಮೆರಾ ಇದೆ, ಇಳ್ಸಿಕೊಳ್ಳೋಕೆ ಪ್ಲಾಟ್‌ಫಾರ್ಮ್ ಇದೆ. ರಾತ್ರಿ ಚಿತ್ರದುರ್ಗ ದಾಟಿ ಹೈವೇಲಿ ಒಬ್ಬ ಪ್ಯಾಸೆಂಜರನ್ನ ಎಲ್ಲಿ ಇಳಿಸ್ತೀರಾ? ಇಳಿಸಿ ಅವನಿಗೇನಾದ್ರೂ ಆದ್ರೆ?

ಇಟಿಎಂ_ಮಾಮ

ಓದ್ತಾ ಇದ್ದೆ, ಸುಮ್ನಿರೋಣ ಅನ್ಕೊಂಡಿದ್ದೆ, ಆಗ್ಲಿಲ್ಲ. ನಾನು ಕಂಡಕ್ಟ್ರು. ಯಾವ ಡಿಪೋ ಏನು ಅಂತ ಕೇಳ್ಬೇಡಿ.

ನೀವು ಕಂಡಕ್ಟ್ರು ಹೇಳ್ಬೇಕು ಅಂತೀರಲ್ಲ, ಬಸ್ ಹತ್ತಿದ ಮೇಲೆ ನನ್ನ ಕೈ ಏನ್ ಮಾಡ್ತಿರುತ್ತೆ ಅಂತ ನೋಡಿ. ಒಂದು ಕೈಲಿ ಮಷೀನು, ಕಂಕುಳಲ್ಲಿ ಬ್ಯಾಗು, ಮೊಣಕಾಲು ಸೀಟಿಗೆ ಒತ್ತಿ ಬ್ಯಾಲೆನ್ಸು. ಹೆಣ್ಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ ನಿಜ, ಟಿಕೆಟ್ ಇಲ್ಲ ಅಂತಲ್ಲ. ಪ್ರತಿಯೊಬ್ರ ಆಧಾರ್ ನೋಡಿ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡ್ಬೇಕು, ಮುಂದಿನ ಸ್ಟಾಪಲ್ಲಿ ಲೈನ್ ಚೆಕಿಂಗ್ ಹತ್ತಿದಾಗ ಒಂದು ಟಿಕೆಟ್ ಕಮ್ಮಿ ಇದ್ರೆ ಮೆಮೊ ನನಗೇ. ಅಷ್ಟರಲ್ಲಿ ಒಬ್ರು ಯುಪಿಐ ಸ್ಕ್ಯಾನ್ ಮಾಡ್ತಾರೆ, ನೆಟ್‌ವರ್ಕ್ ಇಲ್ಲ, ಚಕ್ರ ತಿರುಗ್ತಾನೇ ಇರುತ್ತೆ. ಇನ್ನೊಬ್ರು ಹತ್ತು ರೂಪಾಯಿ ಟಿಕೆಟ್ಟಿಗೆ ಐನೂರರ ನೋಟು. ಹಿಂದಿನ ಸೀಟಿನ ಹಾಡು ನನ್ನ ಕಿವಿಗೆ ಬೀಳುತ್ತೆ, ಬೀಳಲ್ಲ ಅಂತಲ್ಲ, ಮನಸ್ಸಿಗೆ ಬೀಳೋಷ್ಟು ಜಾಗ ಇರಲ್ಲ.

ಸರಿ, ಹೇಳ್ತೀನಿ ಅಂತಿಟ್ಕೊಳಿ. ಹೇಳಿದೀನಿ ಕೂಡ. ಮುಕ್ಕಾಲು ಜನ ಹೇಳಿದ ತಕ್ಷಣ ಕಮ್ಮಿ ಮಾಡ್ತಾರೆ, ಅವರಿಗೆ ಬೇರೆಯೋರಿಗೆ ತೊಂದರೆ ಆಗ್ತಿದೆ ಅನ್ನೋದೇ ಹೊಳೆದಿರಲ್ಲ. ವಯಸ್ಸಾದೋರಿಗೆ ಕಿವಿ ಮಂದ, ಅವರಿಗೆ ಅದು ಜೋರು ಅಂತಲೇ ಗೊತ್ತಾಗಲ್ಲ, ಯಕ್ಷಗಾನ ಹಾಕ್ಕೊಂಡು ಕಣ್ಮುಚ್ಚಿ ಕೂತಿರ್ತಾರೆ, ಎಬ್ಬಿಸೋಕೆ ನನಗೇ ಮನಸ್ಸು ಬರಲ್ಲ. ಮಗು ಕೈಲಿ ಫೋನ್ ಕೊಟ್ಟ ತಾಯಿಗೆ ಹೇಳಿದ್ರೆ ಸೌಂಡ್ ಆಫ್ ಮಾಡ್ತಾಳೆ, ಮಗು ಕಿರುಚುತ್ತೆ, ಆಗ ನೀವೇ ಹೇಳ್ತೀರಾ ಮಾಮ ಆ ಹಾಡೇ ವಾಸಿ ಇತ್ತು ಅಂತ.

ಉಳಿದ ಕಾಲು ಭಾಗ ಇದ್ಯಲ್ಲ, ಅವರು ಮೊದ್ಲು ಮಾಡೋ ಕೆಲಸ ಫೋನ್ ತಿರುಗ್ಸಿ ನನ್ನ ವಿಡಿಯೋ ತೆಗೆಯೋದು. "ಪ್ಯಾಸೆಂಜರ್ ಹತ್ರ ದರ್ಪ ತೋರಿಸ್ತಿರೋ ಕಂಡಕ್ಟರ್" ಅಂತ ಸಂಜೆ ಒಳಗೆ ಎಲ್ಲಾ ಗ್ರೂಪಲ್ಲೂ ನಾನು. ಮೊದಲಿನ ಎರಡು ನಿಮಿಷ ನಾನು ಎಷ್ಟು ನಯವಾಗಿ ಹೇಳಿದ್ದೆ ಅನ್ನೋದು ಅದರಲ್ಲಿ ಇರಲ್ಲ, ಕೊನೆಗೆ ದನಿ ಏರಿದ್ದು ಮಾತ್ರ ಇರುತ್ತೆ. ಹೈಕೋರ್ಟ್ ಬಸ್ ನಿಲ್ಸಬಹುದು ಅಂದಿದೆ. ನಿಲ್ಸಿದ್ರೆ ಆ ಒಬ್ಬನ ಮೇಲೆ ಕೂಗಾಡ್ತೀರಾ ಅನ್ಕೊಂಡ್ರಾ? ಐದು ನಿಮಿಷ ಆದ್ರೆ ಇಡೀ ಬಸ್ಸು "ಏನ್ ಕಂಡಕ್ಟ್ರೇ, ಹೋಗ್ಲಿ ಬಿಡ್ರಿ, ಲೇಟಾಗುತ್ತೆ" ಅಂತ ನನ್ನ ಮೇಲೇ ಬರುತ್ತೆ. ಹಾಡು ನಿಲ್ಸಿ ಅಂತ ಕಂಪ್ಲೇಂಟ್ ಮಾಡಿದೋರೇ ಮೊದ್ಲು.

ಗಾಳಿ_ಗಂಟೆ

ಮಾಮ 🙏

ಕಿಟಕಿ_ಸೀಟು

ಹಂಗಾದ್ರೆ ನಾವೇ ಹೇಳ್ಬೇಕು ಅಂತೀರಾ?

ಇಟಿಎಂ_ಮಾಮ

ನಾನೊಬ್ನೇ ಹೇಳಿದ್ರೆ ಕಂಡಕ್ಟರ್ ದರ್ಪ. ನೀವೊಬ್ರೇ ಹೇಳಿದ್ರೆ ಇಬ್ರು ಪ್ಯಾಸೆಂಜರ್ ಜಗಳ. ನಾನು ಹೇಳಿದಾಗ ಹಿಂದಿನಿಂದ ಇನ್ನಿಬ್ರು "ಹೌದಪ್ಪ ಕಮ್ಮಿ ಮಾಡು" ಅಂದ್ರೆ ಕೆಲಸ ಆಗುತ್ತೆ. ಆ ಇನ್ನಿಬ್ರು ಇದ್ದಾರಲ್ಲ, ಅವರೇ ಸಿಗಲ್ಲ. ನಾನು ಹೇಳೋಕೆ ಬಾಯಿ ತೆಗೆದ ಕೂಡ್ಲೇ ಕಂಪ್ಲೇಂಟ್ ಮಾಡಿದೋರು ಕಿಟಕಿ ಆಚೆ ಮರ ಎಣಿಸ್ತಿರ್ತಾರೆ.

ಸಂಜೆ_ಶಿಫ್ಟ್

ಹೆಣ್ಮಕ್ಕಳು ಯಾಕೆ ಹೇಳಲ್ಲ ಅಂತ ನಾನೇ ಹೇಳ್ಬಿಡ್ತೀನಿ. ರಾತ್ರಿ ಎಂಟೂವರೆ ಬಸ್ಸು, ಹಿಂದಿನ ಉದ್ದ ಸೀಟಲ್ಲಿ ಐದು ಹುಡುಗ್ರು, ಹಾಡು ಜೋರು. ಆ ಹಾಡು ಅವರು ಕೇಳೋಕೆ ಹಾಕಿರಲ್ಲ, ಮುಂದೆ ಕೂತ ಹುಡುಗಿ ತಿರುಗಿ ನೋಡ್ಲಿ ಅಂತ ಹಾಕಿರ್ತಾರೆ. ತಿರುಗಿದ್ರೆ ಅವರು ಗೆದ್ರು. "ಕಮ್ಮಿ ಮಾಡಿ" ಅಂದ್ರೆ ಅಂತೂ ಮಾತಾಡಿದ್ಲು ಅಂತ ಇನ್ನೂ ಖುಷಿ. ನನ್ನ ಸ್ಟಾಪಲ್ಲಿ ಅವರೂ ಇಳಿದ್ರೆ ಅನ್ನೋದೇ ತಲೇಲಿ ಓಡ್ತಿರುತ್ತೆ. ಇಯರ್‌ಫೋನ್ ಹಾಕ್ಕೊಂಡು ಕೂತ್ಕೋ ಅಂತ ನೀವು ಸುಲಭವಾಗಿ ಹೇಳ್ತೀರಾ, ನಾವು ಒಂದು ಕಿವಿಗೆ ಮಾತ್ರ ಹಾಕೋದು, ಇನ್ನೊಂದು ಕಿವಿ ಹಿಂದೆ ಯಾರು ಬರ್ತಿದಾರೆ ಅಂತ ಕೇಳೋಕೆ ಬೇಕು. ಎರಡೂ ಕಿವಿ ಮುಚ್ಕೊಂಡು ಕೂರೋದು ಗಂಡಸರಿಗೆ ಸಿಕ್ಕಿರೋ ಸೌಕರ್ಯ.

ಪಾಸ್_ಬೋಗಿ

ಇದು ಯಾರೂ ಹೇಳೋ ತನಕ ನಮಗೆ ಹೊಳೆಯೋದೇ ಇಲ್ಲ ನೋಡಿ

ಟ್ರೆಬಲ್_ತಿಮ್ಮ

ಇಯರ್‌ಫೋನ್ ಅಂದಾಗ ನೆನಪಾಯ್ತು. 2016ರಲ್ಲಿ ಎರಡು ಆಯ್ತು. ಸೆಪ್ಟೆಂಬರ್ 5ಕ್ಕೆ ಜಿಯೋ ಶುರು, ಡೇಟಾ ನೀರಿನ ರೇಟು. ಅದೇ ತಿಂಗಳು ಐಫೋನ್ 7 ಬಂತು, ಇಯರ್‌ಫೋನ್ ತೂತು ಕಿತ್ತಾಕಿದ್ರು, ಆಮೇಲೆ ಬೇರೆ ಕಂಪನಿಗಳೂ ಒಂದೊಂದಾಗಿ ಕಿತ್ತಾಕಿದ್ವು. ವಿಡಿಯೋ ಫ್ರೀ ಆಯ್ತು, ಕಿವಿಗೆ ಹಾಕೋದು ಕಾಸ್ಟ್ಲಿ ಆಯ್ತು. ಮೊದ್ಲು ಫೋನ್ ಡಬ್ಬದಲ್ಲೇ ಇಯರ್‌ಫೋನ್ ಬರ್ತಿತ್ತು, ಈಗ ಚಾರ್ಜರ್ ಕೊಡೋಕೂ ಅಳ್ತಾರೆ. ಬ್ಲೂಟೂತ್ ಇಯರ್‌ಬಡ್ ಚಾರ್ಜ್ ಮುಗಿಯುತ್ತೆ, ಒಂದು ಕಳೆದೋಗುತ್ತೆ. ದುಡ್ಡಿರೋರು ಇನ್ನೊಂದು ತಗೋತಾರೆ. ಇಲ್ದೋರು ಸ್ಪೀಕರ್.

ಮ್ಯಾನರ್ಸ್_ಎಲ್ಲಿ

ಆದ್ರೂ ಫುಟ್‌ಪಾತಲ್ಲಿ ಅಗ್ಗದ ವೈರ್ ಇಯರ್‌ಫೋನ್ ಸಿಗುತ್ತಪ್ಪ, ಫೋನಿಗೆ ಹದಿನೈದು ಸಾವಿರ ಕೊಟ್ಟೋರಿಗೆ ಅದು ಕಷ್ಟನಾ? ಬಡತನದ ಮೇಲೆ ಎಲ್ಲಾ ಹಾಕ್ಬೇಡಿ. ಬೇರೆಯೋರಿದಾರೆ ಅನ್ನೋ ಜ್ಞಾನ ಬೇಕು ಅಷ್ಟೇ

ಟ್ರೆಬಲ್_ತಿಮ್ಮ

ಒಪ್ದೆ. ಅದಕ್ಕೇ ಹೇಳಿದ್ದು, ಹದಿನೈದು ಸಾವಿರದ ಫೋನಲ್ಲಿ ಆ ತೂತೇ ಇರಲ್ಲ ಎಷ್ಟೋ ಸಲ. ಟೈಪ್ ಸಿ ದು ತಗೋಬೇಕು. ಸಿಗುತ್ತೆ, ಕೇಳಿ ತಗೋಬೇಕು ಅಷ್ಟೇ

ಗಿರ್ಮಿಟ್_ಗಿರಾಕಿ

ನಾ ಏನಂತೀನಿ ಅಂದ್ರ ಬಸ್ ಸ್ಟ್ಯಾಂಡಿನ ಮೈಕಿನ್ಯಾಗ "ಜೇಬುಗಳ್ಳರಿದ್ದಾರೆ ಎಚ್ಚರಿಕೆ" ಅಂತ ದಿನಾ ಒದರತಾರಲ್ಲ, ಅದರ ಹಿಂದಿಂದ ಇದೊಂದು ಮಾತೂ ಒದರಿಬಿಡ್ಲಿ. ಕಂಡಕ್ಟರ್ ಹೇಳೂಕಿಂತ ಮೈಕು ಹೇಳಿದ್ರ ಯಾರಿಗೂ ಸಿಟ್ಟು ಬರೂದಿಲ್ಲ. ಮೈಕಿನ ವಿಡಿಯೋ ಯಾರ್ ಮಾಡ್ತಾರ್ರೀ

ರೈಟ್_ಪೋಯಿ

ಬಸ್ಸಲ್ಲೇ ಮುಂದಿನ ಸ್ಟಾಪ್ ಹೇಳುವ ಮೆಷಿನ್ ಉಂಟಲ್ಲ ಬೆಂಗಳೂರಿನಲ್ಲಿ, ಅದರಲ್ಲಿ ಹಾಕಬಹುದು. ಆದರೆ ಅದು ಕೇಳ್ಬೇಕಾದರೆ ಮೊದಲು ಹಾಡು ನಿಲ್ಬೇಕು ಮಾರ್ರೆ

ಕಾನೂನು_ಪುಟ

ಕಂಪ್ಲೇಂಟ್ ಮಾಡೋಣ ಎಲ್ರೂ ಸೇರಿ. ಒಂದೊಂದು ಟ್ರಿಪ್ಪಿಗೂ ಬಸ್ ನಂಬರ್, ಟೈಮು, ಕಂಡಕ್ಟರ್ ಬಿಲ್ಲೆ ನಂಬರ್ ಹಾಕಿ ಮೇಲ್ ಮಾಡಿದ್ರೆ ಒಂದಲ್ಲ ಒಂದಿನ ಮೇಲಿನೋರು ಎಚ್ಚೆತ್ಕೋತಾರೆ

ಇಟಿಎಂ_ಮಾಮ

ಅಯ್ಯೋ ಸಾಮಿ, ಬಿಲ್ಲೆ ನಂಬರ್ ಮಾತ್ರ ಹಾಕ್ಬೇಡಿ. ಆ ನಂಬರ್ ಇದ್ರೆ ಮೇಲಿನೋರು ಎಚ್ಚೆತ್ಕೊಳಲ್ಲ, ನನ್ನನ್ನ ಕರೆಸಿ ವಿವರಣೆ ಬರೆಸ್ಕೋತಾರೆ, ಫೈಲ್ ಕ್ಲೋಸು. ಹಾಡು ಹಾಕಿದೋನು ಅಷ್ಟೊತ್ತಿಗೆ ತನ್ನ ಸ್ಟಾಪಲ್ಲಿ ಇಳಿದು ಮನೆ ಸೇರಿರ್ತಾನೆ, ಅವನ ಹೆಸರೂ ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬರೆಯೋದಾದ್ರೆ ಬಸ್ಸೊಳಗೆ ಬೋರ್ಡ್ ಹಾಕಿ, ಸ್ಟ್ಯಾಂಡಲ್ಲಿ ಮೈಕಲ್ಲಿ ಹೇಳ್ಸಿ, ಇಳಿಸ್ಬೇಕಾದಾಗ ಯಾರಿಗೆ ಫೋನ್ ಮಾಡ್ಬೇಕು ಅಂತ ಸಿಬ್ಬಂದಿಗೆ ಒಂದು ನಂಬರ್ ಕೊಡಿ, ಹಿಂಗೆ ಬರೀರಿ. ರೂಟ್ ನಂಬರ್ ಹಾಕಿ, ಟೈಮ್ ಹಾಕಿ, ಸಾಕು.

ಕಿಟಕಿ_ಸೀಟು

ಸರಿ ಮಾಮ, ಹಂಗೇ ಒಂದು ಡ್ರಾಫ್ಟ್ ಮಾಡ್ತೀನಿ, ಭಾನುವಾರದ ಒಳಗೆ ಇಲ್ಲೇ ಹಾಕ್ತೀನಿ. ಸಂಜೆ_ಶಿಫ್ಟ್ ಅವರೇ, ಹಿಂದಿನ ಉದ್ದ ಸೀಟಿನ ವಿಷಯ ನೀವೇ ಎರಡು ಸಾಲು ಬರೆದು ಕೊಡ್ತೀರಾ? ನಾನು ಬರೆದ್ರೆ ಅದು ಬರೀ ಸೌಂಡ್ ಕಂಪ್ಲೇಂಟ್ ಆಗುತ್ತೆ

ಸಂಜೆ_ಶಿಫ್ಟ್

ಕೊಡ್ತೀನಿ. ಎಸಿ ಸ್ಲೀಪರದ್ದೂ ಸೇರಿಸಿ, ಬರೀ ಕೆಂಪು ಬಸ್ಸಿನದ್ದು ಹಾಕಿದ್ರೆ ನಾನು ಹೆಸರು ಹಾಕಲ್ಲ